ಗೆಳತಿಯ ಮುಂದೆ ಆಡಿದ ತಪ್ಪು ಮಾತು

ಆಟೋ ಮಗುಚಿ ತಲೆಗೆ ಪೆಟ್ಟು ಬಿದ್ದಾಗ ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದೆ. ಆಪರೇಷನ್ ಆಗಿ ಎಚ್ಚರವಾದ ಮೇಲೆ ಅಮ್ಮಿಯ ಜೊತೆ ದಖ್ನಿಯಲ್ಲಿ ಮಾತಾಡಿದೆ. ಮನೆಮಾತು ಹೇಗೋ ಉಳಿದಿತ್ತು. ಇಷ್ಟು ವರ್ಷ ಅನ್ನ ಕೊಟ್ಟ ಕನ್ನಡ ಮಾತ್ರ ನಾಲಿಗೆಗೆ ಬರುತ್ತಿರಲಿಲ್ಲ. ಕಣ್ಣೆದುರು ಕಿಟಕಿ ಇರುತ್ತಿತ್ತು, ಬಾಯಿಂದ ‘ಕುರ್ಚಿ’ ಅಂತ ಬರುತ್ತಿತ್ತು.

ತಪ್ಪಾದರೂ ಪರವಾಗಿಲ್ಲ, ದಿನಾ ಮಾತಾಡಿ ಎಂದರು ಡಾಕ್ಟರು. ಯಾರ ಮುಂದೆ ತಪ್ಪು ಮಾಡುವುದು? ಸ್ಟಾಫ್ ರೂಮಿನಲ್ಲಿ ಪಕ್ಕದಲ್ಲೇ ಕೂರುತ್ತಿದ್ದ ಗೆಳತಿಯ ಮುಂದೆ ಮಾತ್ರ ನನಗೆ ನಾಚಿಕೆ ಇರಲಿಲ್ಲ. ವಾರವಾರವೂ ಫ್ರೇಜರ್ ಟೌನಿನ ನಮ್ಮ ಮನೆಗೆ ಬಂದು, ಮಂಚದ ಅಂಚಿನಲ್ಲಿ ಕೂತು, ಒಂದೊಂದೇ ವಸ್ತು ತೋರಿಸಿ ಹೆಸರು ಕೇಳುತ್ತಿದ್ದಳು. ನಾನು ತಪ್ಪಿದರೆ ಇಬ್ಬರೂ ನಗುತ್ತಿದ್ದೆವು.

ಬೇಸಿಗೆ ರಜೆ ಮುಗಿದಾಗ ಕೆಲಸಕ್ಕೆ ಮರಳುತ್ತೇನೆಂದು ಹೇಳಲು ಶಾಲೆಗೆ ಹೋದೆ. ಹೆಡ್‌ಮಿಸ್ ಕೂರಿಸಿ ನೀರು ಕೊಟ್ಟರು.

“ಕಿಟಕಿಗೆ ಕುರ್ಚಿ ಅಂತೀರಂತೆ. ಮಕ್ಕಳು ಆಡ್ಕೋತಾರೆ, ಬೇಡ ಬಿಡಿ,” ಎಂದರು.

ನನ್ನ ಹತ್ತನೇ ಕ್ಲಾಸನ್ನು ಆಗಲೇ ಗೆಳತಿಗೆ ಕೊಟ್ಟಾಗಿತ್ತು. ಕಿಟಕಿ-ಕುರ್ಚಿಯ ಮಾತು ನನ್ನ ಕೋಣೆಯಿಂದ ಆಚೆ ಹೋಗಲು ಇದ್ದದ್ದು ಒಂದೇ ದಾರಿ.

ಕಾರಿಡಾರಿನಲ್ಲಿ ಅವಳೇ ಸಿಕ್ಕಳು. ಕೇಳಿದೆ. ಅಲ್ಲಗಳೆಯಲಿಲ್ಲ.

“ಅವರು ಕೇಳಿದ್ರು, ಹೇಳ್ದೆ ಕಣೆ. ಸುಳ್ಳು ಹೇಳಕ್ಕಾಗತ್ತಾ?”

ಬಯ್ಯೋಣವೆಂದರೆ ಕನ್ನಡದ ಒಂದು ಪದವೂ ಹೊಳೆಯಲಿಲ್ಲ. ಮನೆಗೆ ಬಂದವಳು ಎಷ್ಟೋ ವಾರ ಕನ್ನಡವನ್ನೇ ಬಿಟ್ಟೆ. ಬಾಯಿ ತೆರೆದರೆ ಯಾರೋ ಕದ್ದು ಕೇಳುತ್ತಿದ್ದಾರೆ ಅನಿಸುತ್ತಿತ್ತು.

ಕೆಳಗಿನ ಮನೆಯ ತಮಿಳು ಅಜ್ಜಿ ಒಂದು ಮಧ್ಯಾಹ್ನ ಮೆಟ್ಟಿಲು ಹತ್ತಿ ಬಂದು, ಕನ್ನಡ ಓದಲು ಕಲಿಸಬೇಕೆಂದರು. ಮಗಳ ಮನೆಗೆ ಹೋಗುವಾಗೆಲ್ಲ ಬಸ್ಸಿನ ಬೋರ್ಡು ಓದಿ ಹೇಳಿ ಎಂದು ಅವರಿವರನ್ನು ಕೇಳಿ ಸಾಕಾಗಿತ್ತಂತೆ. ನನಗೇ ಪದಗಳು ತಪ್ಪುತ್ತವೆ ಎಂದೆ.

“ನಾನು ಮಾತಾಡೋದೆಲ್ಲ ತಪ್ಪೇ ಅಲ್ವಾ ಟೀಚರಮ್ಮ,” ಎಂದು ಕೂತೇಬಿಟ್ಟರು.

ಅಕ್ಷರಗಳು ನನ್ನನ್ನು ಬಿಟ್ಟು ಹೋಗಿರಲಿಲ್ಲ. ಅಜ್ಜಿ ‘ಅಲಸೂರು’ ಎಂದು ಓದಿದರೆ ‘ಹಲಸೂರು’ ಎಂದು ತಿದ್ದುತ್ತಿದ್ದೆ. ತಿದ್ದುವ ಆತುರದಲ್ಲಿ ಪದ ಹುಡುಕುವುದನ್ನೇ ಮರೆಯುತ್ತಿದ್ದೆ, ಅದು ತಾನಾಗಿ ಬಂದುಬಿಡುತ್ತಿತ್ತು. ಈಗ ಇನ್ನಿಬ್ಬರು ಹೆಂಗಸರೂ ಕಲಿಯಲು ಬರುತ್ತಾರೆ. ಶಾಲೆಯವರು ಮತ್ತೆ ಕರೆಯಲಿಲ್ಲ.

ಮೊನ್ನೆ ಗೆಳತಿ ಫೋನ್ ಮಾಡಿದಳು. ನನ್ನ ಮಾತು ಎಷ್ಟು ಸುಧಾರಿಸಿದೆ ಎಂದು ಹೊಗಳಿ, ಮನೆಗೆ ಬರಲೇ ಎಂದು ಕೇಳಿದಳು.

“ಬೇಡ. ನಿನ್ನ ಮುಂದೆ ಇನ್ನು ಮಾತಾಡಕ್ಕಾಗಲ್ಲ ನಂಗೆ,” ಎಂದೆ.

ಎಲ್ಲಿಯೂ ತಡವರಿಸಲಿಲ್ಲ. ಫೋನ್ ಇಟ್ಟ ಮೇಲೆ ಬಹಳ ಹೊತ್ತು ಅತ್ತೆ.