ಹನ್ನೊಂದು ಸಲ ‘ನಾನುಗಳು’

ಅಜೆಕಾರಿನ ಗುಣವತಿ ಟೀಚರಿಗೆ ಕನ್ನಡ ಕಲಿಸಿದ್ದು ಸಿಟ್ಟು ಅಂದರೆ ನಂಬುತ್ತೀರಾ? ಮನೆಯಲ್ಲಿ ತುಳು ಬಿಟ್ಟರೆ ಬೇರೆ ಮಾತಿಲ್ಲ. ಹೈಸ್ಕೂಲಿಗೆ ಸೇರಿದ ಮೊದಲ ವಾರ ತರಗತಿಯಲ್ಲಿ ಬಾಯಿತಪ್ಪಿ ಒಂದು ತುಳು ಮಾತು ಬಂತು. ಮಾಸ್ಟ್ರು ಪೀರಿಯಡ್ ಮುಗಿಯುವವರೆಗೆ ಹೊರಗೆ ನಿಲ್ಲಿಸಿದರು. ನಿಂತಲ್ಲೇ ಹುಡುಗಿ ತೀರ್ಮಾನ ಮಾಡಿದಳು: ಈ ಕನ್ನಡವನ್ನೇ ಕಲಿತು ಇಂಥದ್ದೇ ಮಾಸ್ಟ್ರ ಕುರ್ಚಿಯಲ್ಲಿ ಕೂರುತ್ತೇನೆ. ಕೂತರು ಕೂಡ. ಕಾಪು ಕಡೆಯ ಒಂದು ಹೈಸ್ಕೂಲಿನಲ್ಲಿ, ಇಪ್ಪತ್ತೊಂಬತ್ತು ವರ್ಷದಿಂದ.

ಈ ಜೂನಿನಲ್ಲಿ ಎಂಟನೆಯ ತರಗತಿಗೆ ಹೊಸದಾಗಿ ಬಂದ ಮಕ್ಕಳಿಗೆ ಎಂದಿನಂತೆ ಪರೀಕ್ಷೆ ನಡೆಯಿತು. ಸ್ವಲ್ಪ ವ್ಯಾಕರಣ, ಒಂದು ಪುಟ ಓದು, ‘ನಮ್ಮ ಊರು’ ಎಂಬ ಪ್ರಬಂಧ. ಅಂಕ ಕಡಿಮೆಯಾದವರ ಹೆಸರು ಒಂದು ಪಟ್ಟಿಗೆ ಹೋಗುತ್ತದೆ. ಅವರು ಮೂರು ತಿಂಗಳು ಬೇರೆ ಕೋಣೆಯಲ್ಲಿ ಕೂತು ಕಾಗುಣಿತ ತಿದ್ದಬೇಕು. ಎರ್ಮಾಳಿನ ಮೀನುಗಾರರ ಮನೆಯ ಪ್ರಣೀತಾ ಎಲ್ಲಿಯೂ ತಡವರಿಸದೆ ಓದಿದ್ದಳು. ಆದರೂ ಅವಳ ಹೆಸರು ಪಟ್ಟಿಯಲ್ಲಿತ್ತು. ಟೀಚರ್ ನೇರ ಮುಖ್ಯೋಪಾಧ್ಯಾಯ ಲೀಲಾಧರರ ಕೋಣೆಗೆ ಹೋದರು.

“ಎಂತ ಸರ್ ಇದು?”

“ಪ್ರಬಂಧ ನೋಡಿ ಟೀಚರ್. ‘ನಾನುಗಳು’ ಅಂತೆ! ಅಂಥ ಶಬ್ದ ಉಂಟಾ? ಹನ್ನೊಂದು ಸಲ ಬರೆದಿದ್ದಾಳೆ. ಒಂದೊಂದಕ್ಕೂ ಅರ್ಧ ಅಂಕ ಕಳೆದೆ.”

ಟೀಚರ್ ಓದಿದರು: ‘ನಾನುಗಳು ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುತ್ತೇವೆ. ಪೇಟೆಯವರು ಫೋಟೋ ತೆಗೆಯುತ್ತಾರೆ. ಹಗ್ಗ ಮುಟ್ಟುವುದಿಲ್ಲ.’

“ಸರ್, ನಾಳೆ ನಿಮಗೂ ಹೆಂಡತಿಗೂ ಒಂದು ಮದುವೆಗೆ ಹೋಗ್ಲಿಕ್ಕುಂಟು ಅಂತ ಇಟ್ಟುಕೊಳ್ಳಿ. ತುಳುವಿನಲ್ಲಿ ಹೆಂಡತಿಗೆ ‘ನಮ’ ಹೋಗುವ ಅಂತೀರಿ. ನನಗೆ ಹೇಳುವಾಗ?”

“‘ಎಂಕುಲು’ ಅಂತ.”

“ಅದ್ಯಾಕೆ?”

“ನೀವು ಬರುವುದಿಲ್ಲವಲ್ಲ ಮಾರಾಯ್ರೆ!”

“ಹಾಂ. ಕನ್ನಡದಲ್ಲಿ ಎರಡಕ್ಕೂ ‘ನಾವು’ ಒಂದೇ. ಮಗುವಿಗೆ ಅದು ಸಾಲಲಿಲ್ಲ, ‘ಎಂಕುಲು’ ಅನ್ನುವುದಕ್ಕೆ ‘ನಾನುಗಳು’ ಅಂತ ಮಾಡಿಕೊಂಡಿದ್ದಾಳೆ.”

ಲೀಲಾಧರರು ನಂಬದೆ ಪ್ರಣೀತಾಳನ್ನೇ ಕರೆಸಿದರು. “‘ನಾವು’ ಅಂತ ಬರೆದಿದ್ದರೆ ಎಂತ ಆಗ್ತಿತ್ತು ಮಗಾ?”

“ಓದುವ ನೀವೂ ಸೇರ್ತೀರಿ ಸರ್. ನೀವು ಬಲೆ ಎಳೀಲಿಕ್ಕೆ ಬರ್ಲಿಲ್ಲ ಅಲ್ವಾ?”

ಬಂದ ನಗುವನ್ನು ನುಂಗಲು ಹೋಗಿ ಅವರು ಕೆಮ್ಮಿದರು. “ಆದರೂ ಟೀಚರ್, ತಪ್ಪು ತಪ್ಪೇ.”

“ತಪ್ಪೇ. ಆದರೆ ಒಂದು ತಪ್ಪು ಸರ್, ಹನ್ನೊಂದಲ್ಲ. ಅರ್ಧ ಅಂಕ ಕಳೆಯಿರಿ. ‘ನಾವು’ ಬರೆಯುವುದನ್ನು ನಾನು ಕಲಿಸ್ತೇನೆ, ಎಂಟನೇ ಕ್ಲಾಸಿನಲ್ಲಿಯೇ.” ಹೇಳುತ್ತಲೇ ಪಟ್ಟಿಯನ್ನೆಳೆದು ಹೆಸರು ಹೊಡೆದುಹಾಕಿ, ಪಕ್ಕದಲ್ಲಿ ತಮ್ಮ ಪೂರ್ತಿ ಸಹಿ ಹಾಕಿದರು.

“ಮೇಲಿನ ಆಫೀಸಿನಿಂದ ನಿಮಗೆ ನೋಟಿಸ್ ಬಂದೀತು!”

“ಬರಲಿ. ಅದರ ವ್ಯಾಕರಣವನ್ನೂ ನೋಡುವ,” ಎಂದ ಟೀಚರ್ ಪ್ರಣೀತಾಳನ್ನು ಮುಂದೆ ಬಿಟ್ಟುಕೊಂಡು ತರಗತಿಗೆ ನಡೆದರು.