ಸೀಮಂತದ ದಿನ ಕೂತುಬಿಟ್ಟ ಜಿಂಕೆ

ಇಲ್ಲಿ ಕನ್ನಡದವರ ಯಾವ ಮನೆಗೆ ಊಟಕ್ಕೆ ಹೋದರೂ ನನಗೊಂದು ಪ್ರಶ್ನೆ ಕಾದಿರುತ್ತೆ. "ನೀವು ಡಾಕ್ಟ್ರಂತಲ್ಲ, ಯಾವ ಸ್ಪೆಷಾಲಿಟಿ?" ನಾನು "ದನದ ಡಾಕ್ಟ್ರು" ಅಂತೀನಿ. ಕೇಳಿದವರ ಮುಖ ಸ್ವಲ್ಪ ಇಳಿದು, ಆಮೇಲೆ ನಗು ಎಳೆದುಕೊಂಡು "ಓ, ಪೆಟ್ಸು" ಅಂತಾರೆ. ಪೆಟ್ಸಲ್ಲ ಸ್ವಾಮಿ. ಹಸು, ಕುದುರೆ, ಕುರಿ. ಲಿವರ್‌ಮೋರಿನ ಆಚೀಚೆ ಬೆಟ್ಟದಲ್ಲಿ ಯಾರ ಕೊಟ್ಟಿಗೆಯಲ್ಲಿ ಏನು ಮಲಗಿದೆಯೋ ಅದು. ಹಾಸನದಲ್ಲಿ ಹುಟ್ಟಿ, ಬೆಂಗಳೂರಲ್ಲಿ ಓದಿ, ಇಲ್ಲಿಗೆ ಬಂದು ಮತ್ತೆ ಮೊದಲಿಂದ ಪರೀಕ್ಷೆ ಬರೆದು ಸಂಪಾದಿಸಿದ ಕೆಲಸ. ನನಗೆ ಇದರ ಬಗ್ಗೆ ಜಂಭ ಇದೆ, ಇರಲಿ ಬಿಡಿ.

ಪ್ರಶ್ನೆ ಕೇಳದೇ ಇದ್ದವರು ಒಬ್ಬರೇ, ಮಂಡ್ಯ ಕಡೆಯ ಒಬ್ಬ ಹಿರಿಯರು. ಅವರ ಹೆಂಡತಿಯನ್ನ ನಾನು ಅಕ್ಕ ಅಂತೀನಿ, ಹಾಗಾಗಿ ಅವರು ಭಾವ. ಜೀವಮಾನವೆಲ್ಲ ಚಿಪ್ ಡಿಸೈನ್ ಮಾಡಿ ರಿಟೈರ್ ಆದಮೇಲೆ ಸುನೋಲ್ ಹಿಂದೆ ಗುಡ್ಡದ ಜಮೀನು ತಗೊಂಡು ಜಿಂಕೆ ಸಾಕೋಕೆ ಶುರು ಮಾಡಿದರು. ಮಾಂಸಕ್ಕೆ ಮಾರೋದು ಅಂತ ಪ್ಲಾನು. ಇವತ್ತಿನವರೆಗೂ ಒಂದೂ ಮಾರಿಲ್ಲ. "ಕೆಲಸ ಇಲ್ಲದ ಬಡಗಿ ಮಗನ ಕುಂಡಿ ಕೆತ್ತಿದನಂತೆ" ಅಂತ ಅಕ್ಕ ಬಂದವರಿಗೆಲ್ಲ ಹೇಳಿಕೊಂಡು ಓಡಾಡ್ತಿದ್ದರು.

ಆ ಮಂದೆಯಲ್ಲಿ ಒಂದು ಹೆಣ್ಣು ಜಿಂಕೆ ಇತ್ತು. ತಾಯಿ ಸತ್ತಮೇಲೆ ಭಾವ ಅಡುಗೆಮನೆಯಲ್ಲೇ ಇಟ್ಟುಕೊಂಡು ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು. ಅದನ್ನ ಅವರು ಕರೀತಿದ್ದದ್ದು "ಮಗಳೇ" ಅಂತ. ಕ್ಯುಪರ್ಟಿನೋದಿಂದ ನಿಜವಾದ ಮಗಳು ಬಂದಾಗ ಭಾವ ಕೂಗಿದರೆ ಇಬ್ಬರೂ ತಿರುಗಿ ನೋಡೋರು. ಆ ಮಗಳು ಬಸುರಿಯಾದಳು. ಸೀಮಂತ ತೋಟದಲ್ಲೇ ಅಂತ ನಿಶ್ಚಯ ಆಯ್ತು. ಜಿಂಕೆಗೂ ಆಗ ಬಸಿರು. ಇಬ್ಬರು ಬಸುರಿಯರನ್ನ ಪಕ್ಕಪಕ್ಕ ನಿಲ್ಲಿಸಿ ಫೋಟೋ ತೆಗೆಸೋದು ಅಂತ ಭಾವ ತಿಂಗಳಿಂದ ಕುಣೀತಿದ್ದರು.

ಮಾರ್ಚ್ ತಿಂಗಳ ಒಂದು ಶನಿವಾರ. ನಾನು ಮೈಸೂರು ಸಿಲ್ಕು ಉಟ್ಟುಕೊಂಡು, ಮಲ್ಲಿಗೆ ಮುಡಿದು, ಒಂದು ದಿನವಾದರೂ ಸಗಣಿ ವಾಸನೆ ಇಲ್ಲದೆ ಊಟ ಮಾಡೋಣ ಅಂತ ಹೋದೆ. ಗೇಟಲ್ಲೇ ಭಾವ ನಿಂತಿದ್ದರು. ಪಂಚೆ, ಜರಿ ಶಲ್ಯ, ಮಂಡಿಯವರೆಗೂ ಮಣ್ಣು.

"ನಿನ್ನೆ ಸಂಜೆ ಚೆನ್ನಾಗೇ ಇದ್ಲು ಕಣಮ್ಮ. ಬೆಳಿಗ್ಗೆ ನೋಡಿದ್ರೆ ಹಿಂದಿನ ಕಾಲೇ ಇಲ್ಲ ಅನ್ನೋ ಹಂಗೆ ಕೂತವಳೆ."

ಜಿಂಕೆ ನಿಜವಾಗಿಯೂ ನಾಯಿ ಕೂತ ಹಾಗೆ ಕೂತಿತ್ತು. ಮುಂಗಾಲು ಊರಿಕೊಂಡು ಏಳೋಕೆ ನೋಡುತ್ತೆ, ಹಿಂದಿನದು ಒದ್ದೆ ಚೀಲದ ಹಾಗೆ ಎಳೆದುಕೊಂಡು ಬರುತ್ತೆ. ಬೇಲಿಯ ಸುತ್ತ ಆಗಲೇ ಫ್ರೀಮಾಂಟಿನ ಅರ್ಧ ಜನ ಸೇರಿದ್ದರು. ನಮ್ಮವರು ಎಂಜಿನಿಯರುಗಳು; ಏನೇ ಕೆಟ್ಟರೂ ಕೇಳೋದು ಒಂದೇ ಪ್ರಶ್ನೆ, "ಲಾಸ್ಟ್ ಏನು ಚೇಂಜ್ ಆಯ್ತು?" ಹಿಂದಿನ ಸಂಜೆ ಫೋಟೋಗ್ರಾಫರು ಟ್ರಯಲ್ ನೋಡೋಕೆ ಡ್ರೋನ್ ಹಾರಿಸಿದ್ದನಂತೆ. ಮುಗೀತು. ಜಿಂಕೆ ಹೆದರಿ ಬೇಲಿಗೆ ಗುದ್ದಿಕೊಂಡಿದೆ, ಬೆನ್ನುಮೂಳೆ ಹೋಗಿದೆ ಅಂತ ಬಾದಾಮಿ ಹಾಲು ಕುಡೀತಾ ಕುಡೀತಾ ತೀರ್ಪು ಕೊಟ್ಟುಬಿಟ್ಟರು. ಇನ್ನೊಂದು ಕಡೆ ಹೆಂಗಸರು ಇದು ದೃಷ್ಟಿ ಅಂತ ಒಣಮೆಣಸಿನಕಾಯಿ ಹುಡುಕ್ತಿದ್ದರು.

ಡ್ರೋನಿನ ಮಾತು ತಳ್ಳಿಹಾಕೋ ಹಾಗಿರಲಿಲ್ಲ. ಜಿಂಕೆಗೆ ಭಯ ಅಂದರೆ ಕಣ್ಣು ಕಾಣಲ್ಲ, ಬೇಲಿಗೆ ನುಗ್ಗಿ ಸೊಂಟ ಮುರಿದುಕೊಂಡದ್ದನ್ನ ನಾನೇ ನೋಡಿದ್ದೀನಿ. ಭಾವನನ್ನ ಪಕ್ಕಕ್ಕೆ ಕರೆದು ಹೇಳಿದೆ, "ಬೆನ್ನುಹುರಿ ಹೋಗಿದ್ರೆ ಏಳಲ್ಲ ಭಾವ. ನರಳಿಸೋದಕ್ಕಿಂತ ಸೂಜಿ ಹಾಕಿ ಮಲಗಿಸೋದೇ ಒಳ್ಳೇದು."

ಅವರು ವಾಪಸ್ ಹೋಗಿ ಶಲ್ಯದ ತುದಿಯಲ್ಲಿ ಜಿಂಕೆಯ ಕಣ್ಣು ಒರೆಸಿದರು. ಮಾತಾಡಿದ್ದು ಅಕ್ಕ.

"ಮಗಳಿಗೆ ಮಡಿಲು ತುಂಬೋ ದಿನ ಈ ಮನೇಲಿ ಒಂದು ಬಸುರಿ ಜೀವ ತೆಗೀತೀಯಾ? ಏನಿದ್ರೂ ನಾಳೆ. ಇವತ್ತು ಆ ಮಾತು ಬೇಡ."

ಪಂಚಾಂಗ ನೋಡಿಕೊಂಡು ಕಾಯಿಲೆ ಬರಲ್ಲ ಅಕ್ಕ ಅಂತ ಸಿಡುಕಿದೆ. ಆದರೆ ಹಾಸನದವಳು ನಾನು, ಸೀಮಂತದ ಮನೆಯಲ್ಲಿ ಸೂಜಿ ಹಿಡಿಯೋಕೆ ನನಗಾದರೂ ಕೈ ಬಂದೀತಾ? ಹೇಗೂ ಕಾಯಬೇಕು ಅಂದಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಲ್ಲಿದ್ದ ಬೂಟು ಹಾಕಿಕೊಂಡು, ನೆಲಕ್ಕೆ ಕೂತು ಸಾವಕಾಶವಾಗಿ ನೋಡಿದೆ. ಬೆನ್ನ ಮೇಲೆ ಬೆರಳೋಡಿಸಿದರೆ ಎಲ್ಲೂ ಊತ ಇಲ್ಲ. ಹಿಂಗಾಲಿನ ಮಂಡಿ ತಟ್ಟಿದರೆ ಕಾಲು ಮಿಸುಕಲಿಲ್ಲ. ಗೊರಸಿನ ಸಂದಿ ಚಿವುಟಿದರೆ ಮಾತ್ರ ತಿರುಗಿ ನನ್ನನ್ನ ದುರುಗುಟ್ಟಿ ನೋಡಿತು. ಅಂದರೆ ನೋವಿನ ಸುದ್ದಿ ಮೇಲಕ್ಕೆ ಹೋಗ್ತಿದೆ, ಅಪ್ಪಣೆ ಕೆಳಗೆ ಬರ್ತಿಲ್ಲ. ಮುರಿದ ಬೆನ್ನು ಸಾಮಾನ್ಯವಾಗಿ ಹೀಗೆ ಆಡಲ್ಲ.

ಒಳಗೆ ಆರತಿ ಆಯ್ತು. ಬಳೆ ತೊಡಿಸೋದು ಮುಗಿಸಿ ನಾನು ವಾಪಸ್ ಬರೋಷ್ಟರಲ್ಲಿ ಜಿಂಕೆಯ ಮುಂಗಾಲೂ ಮಡಚಿಕೊಂಡಿತ್ತು. ತಲೆ ಎತ್ತೋಕೂ ಕಷ್ಟಪಡ್ತಿತ್ತು. ನನಗೆ ಭಯವಾಯ್ತು, ಅದರ ಹಿಂದೆಯೇ ಖುಷಿಯೂ ಆಯ್ತು. ಇದನ್ನ ಭಾವನಿಗೆ ಹೇಗೆ ಬಿಡಿಸಿ ಹೇಳೋದು. ಮುರಿದ ಮೂಳೆ ಮುರಿದಲ್ಲೇ ಇರುತ್ತೆ. ಇದು ಕೆಳಗಿಂದ ಮೇಲಕ್ಕೆ ಹತ್ತುತ್ತಾ ಇದೆ, ಅಂದರೆ ಬೆನ್ನು ಮುರಿದದ್ದಲ್ಲ, ಕಾರಣ ಸಿಕ್ಕಿದರೆ ಉಳಿಸಬಹುದು. ಎದೆಗೆ ಹತ್ತಿದರೆ ಉಸಿರು ನಿಲ್ಲುತ್ತೆ. ಹೀಗೆ ಹತ್ತೋ ಲಕ್ವಾಕ್ಕೆ ಈ ಗುಡ್ಡಗಳಲ್ಲಿ ಮೊದಲು ಅನುಮಾನ ಪಡಬೇಕಾದ್ದು ಉಣ್ಣೆಯ ಮೇಲೆ. ದನದ ಮೈಗೆ ಕಚ್ಚಿಕೊಂಡು ರಕ್ತ ಹೀರೋ ಉಣ್ಣೆ ಹುಳ. ಕೆಲವು ಜಾತಿಯದರ ಜೊಲ್ಲಲ್ಲೇ ವಿಷ.

"ಭಾವ, ಇವಳನ್ನ ಈಚೆಗೆ ಎಲ್ಲಿ ಮೇಯೋಕೆ ಬಿಟ್ಟಿದ್ರಿ?"

"ಮೇಲಿನ ಪೊದೆ ಗುಡ್ಡ ಇದೆಯಲ್ಲ, ಅದರ ಗೇಟು ತೆಗೆದೆ. ಬಸುರಿ, ಎಳೇ ಚಿಗುರು ತಿನ್ಲಿ ಅಂತ."

ಚೇಂಜ್ ಆದದ್ದು ಅದು. ಇನ್ನು ಉಣ್ಣೆ ಹುಡುಕಬೇಕು. ಚಳಿಗಾಲದ ಕೂದಲು ಇನ್ನೂ ಉದುರಿರಲಿಲ್ಲ, ದಟ್ಟವಾಗಿತ್ತು. ಕೂದಲು ಬೋಳಿಸೋ ಮೆಷಿನ್ ಹಚ್ಚಿದರೆ ಆ ಸದ್ದಿಗೇ ಪ್ರಾಣ ಬಿಟ್ಟೀತು. ನನ್ನ ಎರಡು ಕೈ ಸಾಲದು. ಊಟದ ಚಪ್ಪರದ ಕಡೆ ತಿರುಗಿ ನೋಡಿದೆ. ಸಾಲಾಗಿ ರೇಷ್ಮೆ ಸೀರೆ.

ಹೋಗಿ ಕೇಳಿಯೇಬಿಟ್ಟೆ. "ನಿಮ್ಮಲ್ಲಿ ಹೇನು ನೋಡೋಕೆ ಯಾರಿಗೆ ಚೆನ್ನಾಗಿ ಬರುತ್ತೆ?"

ಪಿಟಿಪಿಟಿ ಅಂತಿದ್ದವರೆಲ್ಲ ತಮ್ಮ ತಮ್ಮ ಎಲೆ ನೋಡತೊಡಗಿದರು. ಡೈರೆಕ್ಟರುಗಳು, ಕಣ್ಣಿನ ಡಾಕ್ಟ್ರು, ಹಲ್ಲಿನ ಡಾಕ್ಟ್ರು, ಒಬ್ಬರ ಮನೆಯಲ್ಲೂ ಹೇನು ಅನ್ನೋದು ಹುಟ್ಟೇ ಇಲ್ಲ ಅನ್ನೋ ಮುಖ. ಡೇಕೇರಿಂದ ಹೇನಿನ ಮೆಸೇಜು ಬಂದ ವಾರ ಇವರೆಲ್ಲ ಮಕ್ಕಳ ತಲೆ ಹಿಡಿದುಕೊಂಡು ಕೂರೋದು ನನಗೆ ಗೊತ್ತಿಲ್ಲವಾ? ಕೊನೆಗೆ ಅಕ್ಕ ಎಲೆ ಮುಂದಿಂದ ಎದ್ದು ಕೈ ತೊಳೆದುಕೊಂಡರು. ಅವರ ಹಿಂದೆ ಇನ್ನಿಬ್ಬರು ಎದ್ದರು.

ಇವತ್ತು ಬಳೆ ಬಿಚ್ಚಿ ಅನ್ನೋ ಹಾಗಿಲ್ಲ. ಮೇಲಕ್ಕೆ ಸರಿಸಿ ಕರ್ಚೀಫು ಸುತ್ತಿಕೊಂಡು, ನನ್ನ ಡಬ್ಬಿಯ ಗ್ಲೌಸು ಹಾಕಿಕೊಂಡರು. ಜಿಂಕೆಯ ಕಣ್ಣಿಗೆ ಭಾವನ ಶಲ್ಯ ಕಟ್ಟಿದೆ. ಸದ್ದಾದರೆ ಹೆದರುತ್ತೆ, ಯಾರೂ ಮಾತಾಡಕೂಡದು ಅಂದೆ. ಮೂವರಿಗೂ ಉಣ್ಣೆ ಹುಡುಕೋದಕ್ಕಿಂತ ಅದೇ ಕಷ್ಟವಾಯ್ತು. ಆದರೆ ಆ ಬೆರಳುಗಳು! ಎಡಗೈಯಲ್ಲಿ ಕೂದಲು ಬಗಿಯೋದು, ಬಲಗೈಯಲ್ಲಿ ಸವರೋದು, ಒಂದು ಬೈತಲೆ ಮುಗೀತು, ಪಕ್ಕದ್ದು. ನಮಗೆ ಕಾಲೇಜಲ್ಲಿ ಇದನ್ನ ಯಾರೂ ಹೇಳಿಕೊಟ್ಟಿರಲಿಲ್ಲ.

ಸಿಕ್ಕಿದ್ದು ಯೂನಿಯನ್ ಸಿಟಿಯ ಒಬ್ಬಾಕೆಗೆ, ಆಫೀಸಲ್ಲಿ ದೊಡ್ಡ ಟೀಮು ನಡೆಸೋ ಹೆಣ್ಣುಮಗಳು. ಕಿವಿಯ ಹಿಂದೆ, ನೆನೆಸಿದ ಕಡಲೆಕಾಳಿನಷ್ಟು ಉಬ್ಬಿಕೊಂಡು ಕೂತಿತ್ತು. ಆಕೆ ಕಣ್ಣಲ್ಲೇ ನನ್ನನ್ನ ಕರೆದಳು. ಕರೀತಾ ಕರೀತಾ ಆಕೆಯ ಎರಡು ಹೆಬ್ಬೆರಳುಗಳು ತಾವಾಗೇ ಹತ್ತಿರ ಬರ್ತಿದ್ದವು.

"ಕುಕ್ಕಬೇಡಿ, ನಿಮ್ಮ ದಮ್ಮಯ್ಯ" ಅಂತ ಮಣಿಕಟ್ಟು ಹಿಡಿದುಕೊಂಡೆ. ಹಿಸುಕಿದರೆ ಇನ್ನಷ್ಟು ವಿಷ ಒಳಗೆ ಹೋದೀತು. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು, ತಿರುಚದೆ, ನೇರವಾಗಿ ಎಳೆದೆ. ಬಾಯಿ ಸಮೇತ ಬಂತು. ಕತ್ತಿನ ಕೆಳಗೆ ಅಕ್ಕನಿಗೆ ಇನ್ನೊಂದು ಸಿಕ್ಕಿತು. ಬಾಲದವರೆಗೂ ಹುಡುಕಿಸಿ, ಉಣ್ಣೆ ಸಾಯೋ ಔಷಧಿಯನ್ನ ಬೆನ್ನ ಮೇಲೆ ಸುರಿದೆ.

"ಈಗ ಟ್ರೀಟ್‌ಮೆಂಟು?" ಅಂತ ಬೇಲಿಯ ಕಡೆಯಿಂದ ಒಬ್ಬರು ಕೇಳಿದರು.

"ಆಯ್ತಲ್ಲ."

"ಇಷ್ಟೇನಾ?" ಅವರಿಗೆ ಮೋಸವಾದ ಹಾಗಾಯ್ತು.

ಇಷ್ಟೇ. ಎರಡೂ ಪಕ್ಕ ಹುಲ್ಲಿನ ಕಟ್ಟು ಒತ್ತಿಟ್ಟು ಎದೆಯ ಮೇಲೆ ಕೂರಿಸೋದು, ಆಗಾಗ ಮಗ್ಗುಲು ಬದಲಾಯಿಸೋದು, ಉಸಿರು ನೋಡ್ತಾ ಇರೋದು. ಭಾವ ನನ್ನ ಮುಖ ನೋಡಲಿಲ್ಲ, ನೆಲ ನೋಡ್ತಾ ಕೇಳಿದರು, "ಎದ್ದೇಳ್ತಾಳಾ?"

"ಉಣ್ಣೆಯಿಂದ ಆಗಿದ್ರೆ ನಾಳೆಯೊಳಗೆ ಗೊತ್ತಾಗುತ್ತೆ. ಅಲ್ಲ ಅಂದ್ರೆ ನಾನು ಸೂಜಿ ತರ್ತೀನಿ."

"ಅವಳು ಹೋದ್ರೆ ನಂಗೆ ಆಗಲ್ಲ ಕಣಮ್ಮ. ನಗಬೇಡ."

ನಾನು ನಗಲಿಲ್ಲ. ಮನೆಗೆ ಬಂದಮೇಲೆ ನಿದ್ದೆಯೂ ಸರಿಯಾಗಿ ಬರಲಿಲ್ಲ.

ಬೆಳಿಗ್ಗೆ ಹೋದಾಗ ಬ್ಯಾಗಲ್ಲಿ ಸೂಜಿ ಇತ್ತು. ಭಾವ ಅದೇ ಪಂಚೆಯಲ್ಲಿ, ತಲೆಗೂದಲಿಗೆಲ್ಲ ಹುಲ್ಲು ಅಂಟಿಸಿಕೊಂಡು, ಜಿಂಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ಕೈಯಲ್ಲಿ ಒಂದು ಕ್ಯಾರೆಟ್ಟು. ಜಿಂಕೆ ತಲೆ ನೆಟ್ಟಗೆ ಎತ್ತಿಕೊಂಡಿತ್ತು. ನಾನು ಹುಲ್ಲಿನ ಕಟ್ಟು ಸರಿಸಿದೆ. ಮುಂಗಾಲು ಊರಿತು. ಹಿಂದಿನದನ್ನ ಎತ್ತಿತು, ಬಿತ್ತು. ಮತ್ತೆ ಎತ್ತಿತು. ಈ ಸಲ ನಾಲ್ಕೂ ಕಾಲು ಗಡಗಡ ನಡುಗ್ತಾ ನಿಂತುಕೊಂಡಿತು. ನನಗೆ ಕಣ್ಣು ತುಂಬಿ ಬಂತು. ಎಷ್ಟು ವರ್ಷ ಈ ಕೆಲಸ ಮಾಡಿದರೂ ಅದು ಬರುತ್ತೆ.

"ಬಾ ಮಗಳೇ" ಅಂತ ಭಾವ ಕ್ಯಾರೆಟ್ಟು ಮುಂದೆ ಚಾಚಿದರು.

ಜಿಂಕೆ ಅದನ್ನ ಮೂಸಿತು. ಕಿವಿ ನಿಮಿರಿಸಿತು. ಕೆಳಗಿನ ಬಯಲಲ್ಲಿ ಮಂದೆ ಮೇಯ್ತಾ ಇತ್ತು. ಭಾವನ ಪಕ್ಕದಿಂದ ಹಾದು, ತೂರಾಡ್ತಾ ನಾಲ್ಕು ಹೆಜ್ಜೆ ಇಟ್ಟು, ಆಮೇಲೆ ಕಾಲು ನಂಬಿಕೊಂಡು, ಸೀದಾ ಅತ್ತ ಹೊರಟುಬಿಟ್ಟಿತು.

ಭಾವನ ಕೈ ಇನ್ನೂ ಚಾಚಿಯೇ ಇತ್ತು. "ತಿರುಗಿ ಕೂಡ ನೋಡ್ಲಿಲ್ಲ ನೋಡು" ಅಂದರು.

"ವಾಸಿಯಾಗಿದ್ದಾಳೆ ಭಾವ, ಅದಕ್ಕೇ."

"ಹೂಂ" ಅಂದರು. ಮುಖದ ತುಂಬ ನಗು, ಕೆನ್ನೆಯ ಮೇಲೆ ನೀರು. ಆಮೇಲೆ ಕ್ಯಾರೆಟ್ಟನ್ನ ಪಂಚೆಗೆ ಒರೆಸಿಕೊಂಡು ತಾವೇ ಕಡಿದು ತಿನ್ನೋಕೆ ಶುರು ಮಾಡಿದರು.