ಅಪ್ಪನ ಅಂಬಾಸಿಡರ್‌ಗೆ ಐದು ಗೇರು

ನಮ್ಮ ಮನೆಯಲ್ಲಿ ಕಾರು ಓಡಿಸುವುದು ನಾನು. ನಮ್ಮ ಮನೆಯವರಿಗೆ ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಒಂದೇ ಒಂದು ಸಲ ಕಲಿಯಲು ಕೂತು, ಬೊಮ್ಮನಹಾಳ್ ಹತ್ತಿರದ ಒಂದು ಕಣದಲ್ಲಿ ಶೇಂಗಾ ಹೊಟ್ಟಿನ ಬಣವೆಯೊಳಕ್ಕೆ ಅರ್ಧ ಗಾಡಿ ನುಗ್ಗಿಸಿದರು. ತಲೆ ಮೇಲಿನ ಹೊಟ್ಟು ಕೊಡವಿಕೊಂಡು ಇಳಿದು, "ಇದು ನಮ್ಮ ವಂಶಕ್ಕೆ ಆಗಿಬರಲ್ಲ ಕಣೆ" ಎಂದವರು ಮತ್ತೆ ಬಲಗಡೆಯ ಬಾಗಿಲು ಮುಟ್ಟಲಿಲ್ಲ. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು. ಒದೆಯುವ ಎಮ್ಮೆಯ ಹಿಂದೆ ನಿಂತು ಕರು ಎಳೆದು ತೆಗೆಯುತ್ತಾರೆ, ಸ್ಟೇರಿಂಗ್ ಕಂಡರೆ ಮಾತ್ರ ಬೆವರುತ್ತಾರೆ.

ಗಾಡಿ ನನ್ನ ಅಪ್ಪನದು, ಕಪ್ಪು ಬಣ್ಣದ ಅಂಬಾಸಿಡರ್. ರಾಯದುರ್ಗದಿಂದ ಬಳ್ಳಾರಿಗೆ ಅದನ್ನು ಬಾಡಿಗೆಗೆ ಓಡಿಸಿಯೇ ಅವರು ನನ್ನನ್ನು ಓದಿಸಿದ್ದು. ನಾನು ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಲೆಕ್ಕದ ಟೀಚರ್ ಆದ ಮೇಲೆ ಗಾಡಿಯನ್ನು ನನ್ನ ಹೆಸರಿಗೆ ಮಾಡಿದರು. ಅದಕ್ಕೆ ನಾನು ಏನೇನು ಮಾಡಿಸಿಲ್ಲ! ಇತ್ತೀಚಿನ ಎಂಜಿನ್ ಕೂರಿಸಿದೆ, ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿದೆ, ಬೆನ್ನಿಗೆ ಹಿತವಾಗುವ ಹಾಗೆ ಸೀಟು ಕಟ್ಟಿಸಿದೆ. ಹೊರಗಿನಿಂದ ನೋಡಿದರೆ ಅತ್ತೆ, ಒಳಗೆ ಸೊಸೆ. ಒಂದನ್ನು ಮಾತ್ರ ಮುಟ್ಟಿರಲಿಲ್ಲ. ಸ್ಟೇರಿಂಗಿನ ಪಕ್ಕದಲ್ಲೇ ಕಡ್ಡಿಯಂತೆ ನಿಂತಿರುವ ಹ್ಯಾಂಡ್ ಗೇರು. ಎಡಗೈ ಎತ್ತಿ, ಎಳೆದು, ತಳ್ಳಿ ಹಾಕಬೇಕಾದ ಆ ಗೇರಿನಲ್ಲೇ ಅಪ್ಪ ನನಗೆ ಕಲಿಸಿದ್ದರು.

ಹೋದ ವರ್ಷ ನನ್ನ ಎಡ ಹೆಗಲು ಬಿಗಿದುಕೊಂಡಿತು. ಜಡೆ ಹಾಕಿಕೊಳ್ಳಲು ಕೈ ಹಿಂದಕ್ಕೆ ಹೋಗದು, ಬೋರ್ಡಿನ ಮೇಲ್ತುದಿಗೆ ಏಳದು. ಡಾಕ್ಟರು ವ್ಯಾಯಾಮ ಹೇಳಿ, "ನಿಧಾನಕ್ಕ ಬಿಡ್ತೈತ್ರಿ, ಅವಸರ ಮಾಡಬ್ಯಾಡ್ರಿ" ಅಂದರು. ಗೇರ್ ಎತ್ತುವಾಗಲೆಲ್ಲ ನಾನು ಹಲ್ಲು ಕಚ್ಚುವುದನ್ನು ಮನೆಯವರು ಪಕ್ಕದ ಸೀಟಿನಿಂದ ನೋಡುತ್ತಿದ್ದರು. ಒಂದು ದಿನ ಊಟಕ್ಕೆ ಕೂತಾಗ, "ಮಾರಾನ ಕಣೆ ಇದನ್ನ. ಗೇರೇ ಇಲ್ದಿರೋ ಚಿಕ್ಕ ಕಾರು ಬತ್ತಾವಲ್ಲ, ಅದು ತಗೊಳಾನ. ಬಳ್ಳಾರಿಯೋರು ಒಬ್ರು ಮದುವೆ ಬಾಡಿಗೆಗೆ ಹಳೇ ಅಂಬಾಸಿಡರ್ ಹುಡುಕ್ತಾವ್ರಂತೆ" ಅಂದರು.

ನನಗೆ ಮೈಯೆಲ್ಲ ಉರಿಯಿತು. "ನಮ್ಮಪ್ಪನ ಗಾಡಿಗೆ ಬಲೂನು ಕಟ್ಟಿ ಊರೂರು ಮೆರಸ್ತಾರ? ಕೇಳ್ರಿಲ್ಲಿ. ಹ್ಯಾಂಡ್ ಗೇರ್ ತೆಗಿಸಿ ಕೆಳಗ ಐದು ಗೇರಿಂದು ಹಾಕಸ್ತೀನಿ. ನಿಮ್ಮ ಅಕ್ಕಾರ ಊರಿಗೆ ನಾನೇ ಓಡಿಸ್ಕೊಂಡು ಹೋಗಿ ನಾನೇ ವಾಪಸ್ ಬರ್ತೀನಿ. ನಡುವ ನನ್ನ ಕೈ ಸೋತ್ರ ಕೀಲಿ ನಾನೇ ಬಳ್ಳಾರಿಯವ್ರ ಕೈಗಿಡ್ತೀನಿ. ಸೋಲದಿದ್ರ ಮಾರೋ ಮಾತು ಈ ಮನಿಯಾಗ ಎತ್ತಬಾರದು."

"ಆಗ್ಲಿ" ಅಂದರು ಅವರು. ಅಷ್ಟು ಬೇಗ ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಕೋಪ ಇಳಿದ ಮೇಲೆ ದಾರಿಯ ಲೆಕ್ಕ ಹಾಕಿದೆ. ಅವರ ಅಕ್ಕನ ಮನೆ ಇರುವುದು ಮಡಕಶಿರಾ ದಾಟಿ ಗುಡಿಬಂಡೆಯ ಪಕ್ಕದಲ್ಲಿ. ದಾರಿ ಏನು ಕಡಿಮೆಯೇ? ಆದರೆ ಬಾಯಿಂದ ಬಂದ ಮಾತು, ನುಂಗುವ ಹಾಗಿರಲಿಲ್ಲ.

ನಮ್ಮ ಮೆಕ್ಯಾನಿಕ್ ರಾಯದುರ್ಗದವರೇ. ಅಪ್ಪನ ಕಾಲದಿಂದ ಈ ಗಾಡಿಯ ಹೊಟ್ಟೆ ಬಗೆದವರು. ಇದೇ ಗಾಡಿಯ ಕೊನೆಗಾಲದ ಮಾಡೆಲ್‌ಗಳಿಗೆ ಬರುತ್ತಿದ್ದ ಐದು ಗೇರಿನ ಬಾಕ್ಸ್ ಒಂದನ್ನು ಬಳ್ಳಾರಿಯ ಗುಜರಿಯಿಂದ ಹುಡುಕಿ ತಂದರು. ಗೇರ್ ಕಡ್ಡಿ ಈಗ ಎರಡು ಸೀಟಿನ ನಡುವೆ, ನೆಲದಿಂದ ಮೇಲೆದ್ದು ನಿಂತಿತು. ಕೈ ಎತ್ತಬೇಕಿಲ್ಲ, ತೊಡೆಯ ಪಕ್ಕದಲ್ಲೇ ಹಾಕಬಹುದು. ಅಷ್ಟಕ್ಕೆ ಮುಗಿಯಿತು ಅಂದುಕೊಂಡೆ. ಅಸಲಿ ಜಗಳ ಶುರುವಾದದ್ದು ಆಮೇಲೆ.

ಬಾಕ್ಸಿನೊಳಗಿನ ಹಲ್ಲುಚಕ್ರಗಳು ಬಂದ ಹಾಗೆ ಇರಬೇಕು, ಬದಲಿಸುವ ಹಾಗಿಲ್ಲ. ನಮ್ಮ ಕೈಯಲ್ಲಿರುವುದು ಹಿಂದಿನ ಎರಡು ಚಕ್ರಗಳ ನಡುವೆ ಕೂರುವ ಕ್ರೌನ್ ಮತ್ತು ಪಿನಿಯನ್. ಪಿನಿಯನ್ ಅನ್ನುವ ಚಿಕ್ಕ ಹಲ್ಲುಚಕ್ರ ಕ್ರೌನ್ ಅನ್ನುವ ದೊಡ್ಡ ಚಕ್ರವನ್ನು ತಿರುಗಿಸುತ್ತದೆ. ದೊಡ್ಡದು ಒಂದು ಸುತ್ತು ಬರಲು ಚಿಕ್ಕದು ಎಷ್ಟು ಸುತ್ತು ಹೊಡೆಯಬೇಕು, ಅದೇ ಲೆಕ್ಕ. ಸುತ್ತು ಹೆಚ್ಚಾದರೆ ಗಾಡಿ ಚೆನ್ನಾಗಿ ಎಳೆಯುತ್ತದೆ, ಆದರೆ ಓಡುವುದಿಲ್ಲ. ಸುತ್ತು ಕಡಿಮೆಯಾದರೆ ಓಡುತ್ತದೆ, ಭಾರ ಎಳೆಯಲು ಗೊಣಗುತ್ತದೆ. ಮೆಕ್ಯಾನಿಕ್ ಹತ್ತಿರ ಎರಡು ಜೋಡಿ ಇದ್ದವು. ಒಂದು ನಾಲ್ಕೂವರೆ ಸುತ್ತಿನದು, ಇನ್ನೊಂದು ನಾಲ್ಕಕ್ಕೂ ಕಡಿಮೆಯದು.

"ನಾಲ್ಕೂವರೆದು ಹಾಕಸ್ರಿ ಟೀಚರ್. ಎತ್ತಿನಂಗ ಎಳಿತೈತಿ" ಅಂದರು ಮೆಕ್ಯಾನಿಕ್.

"ಎಳಿತೈತ್ರಿ, ಯಾರು ಇಲ್ಲಂದ್ರು? ಆದ್ರ ಮೂರನೇ ಗೇರಿನಾಗ ಸ್ವಲ್ಪ ಸ್ಪೀಡ್ ಹೋದ್ರ ಕಿರಿಚ್ಯಾಡ್ತೈತಿ. ನಾಲ್ಕಕ್ಕ ಹಾಕಬೇಕು. ಎದುರಿಗೆ ಕುರಿ ಹಿಂಡು ಬಂತು, ಮತ್ತ ಮೂರಕ್ಕ ಇಳಸಬೇಕು. ಮ್ಯಾಲಿಂದ ಮ್ಯಾಲ ಕೈ ಆಡಸಾಕ ನನಗ ಹೆಗಲೆಲ್ಲೈತ್ರಿ?"

ಫೋನಿನಲ್ಲಿ ಹಳೆಯ ಕಾರಿನವರ ಗುಂಪೊಂದಿದೆ. ಅಲ್ಲಿ ಕೇಳಿದರೆ ಒಬ್ಬೊಬ್ಬರದೂ ಸ್ಪೀಡಿನದೇ ಮಾತು. ಯಾವ ಗೇರಿನಲ್ಲಿ ಎಷ್ಟು ಓಡಿತು, ಎಷ್ಟು ಬೇಗ ಓಡಿತು. ನನಗೆ ಅದಾವುದೂ ಬೇಕಿರಲಿಲ್ಲ. ಗೇರು ಹಾಕದೇ ಇರುವುದೇ ನನಗೆ ಬೇಕಾಗಿದ್ದ ಗೇರು. ಶಾಲೆಯ ಹಾಳೆಯ ಮೇಲೆ ಗುಣಿಸಿ ಭಾಗಿಸಿ ನೋಡಿದೆ. ಕಡಿಮೆ ಸುತ್ತಿನದನ್ನು ಹಾಕಿದರೆ ಮೂರನೇ ಗೇರೊಂದರಲ್ಲೇ ಎತ್ತಿನ ಗಾಡಿಯ ಹಿಂದೆಯೂ ಹೋಗಬಹುದು, ಬಸ್ಸಿನ ಹಿಂದೆಯೂ ಹೋಗಬಹುದು. ಹೊರಡುವಾಗ ಒಂದು, ಎರಡು, ಮೂರು. ಆಮೇಲೆ ಊರು ಬರುವ ತನಕ ಎಡಗೈ ಮಡಿಲಲ್ಲಿ. ಮೆಕ್ಯಾನಿಕ್ ಮೂಗು ಮುರಿದರು. ನಾನು ಹಟ ಬಿಡಲಿಲ್ಲ. ಅದನ್ನೇ ಹಾಕಿಸಿದೆ.

ಬೊಮ್ಮನಹಾಳ್ ರಸ್ತೆಯಲ್ಲಿ ನೋಡಲು ಹೋದೆ, ನಾನೊಬ್ಬಳೇ. ಕಾಲುವೆಯ ಪಕ್ಕ, ಭತ್ತದ ಗದ್ದೆಗಳ ನಡುವೆ ಆ ರಸ್ತೆ ಅಂಗೈಯಷ್ಟು ಮಟ್ಟ. ಮೂರನೇ ಗೇರಿಗೆ ಹಾಕಿ ಬಿಟ್ಟೆ. ಟ್ರ್ಯಾಕ್ಟರ್ ಸಿಕ್ಕಿದರೆ ನಿಧಾನ, ದಾಟಿದರೆ ಜೋರು, ಗೇರು ಮುಟ್ಟುವ ಮಾತೇ ಇಲ್ಲ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಗಾಜು ಇಳಿಸಿ, ಕೇಳುವವರಿಲ್ಲದಿದ್ದರೂ "ನೋಡ್ರೀ, ಹೆಂಗೈತಿ!" ಎಂದು ಗದ್ದೆಯ ಕಡೆಗೆ ಕೂಗಿದೆ.

ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಹುಟ್ಟಿ ಬೆಳೆದವಳು ಖಾಲಿ ಗಾಡಿಗೆ ಲೆಕ್ಕ ಹಾಕಿದ್ದೆನಲ್ಲ, ನನ್ನ ಬುದ್ಧಿಗೆ ಏನು ಹೇಳುವುದು! ನಮ್ಮಲ್ಲಿ ಸೀಟು ಖಾಲಿ ಬಿಟ್ಟು ಗಾಡಿ ಊರು ದಾಟುವುದುಂಟೆ? ಹಾಗೆ ಹೋದರೆ ಅಹಂಕಾರ ಅನ್ನುತ್ತಾರೆ. ಅಪ್ಪನ ಬಾಡಿಗೆ ಗಾಡಿಯಲ್ಲಿ ನಾನು ಚಿಕ್ಕವಳಿದ್ದಾಗ ಯಾರದಾದರೂ ತೊಡೆಯ ಮೇಲೆ ಕೂತೇ ಹೋದದ್ದು. ಅದು ನೆನಪಿಗೆ ಬರಲಿಲ್ಲ.

ಹೊರಟೆವು. ನಾವಿಬ್ಬರೇ. ಕಲ್ಯಾಣದುರ್ಗ ದಾಟಿದೆವು, ಪಾವಗಡದಲ್ಲಿ ಟೀ ಕುಡಿದೆವು. ಮೂರನೇ ಗೇರು ಅಂದರೆ ಮೂರನೇ ಗೇರು. ಮನೆಯವರು ಹೊರಗೆ ನೋಡುವ ಹಾಗೆ ನಟಿಸುತ್ತ ನನ್ನ ಹೆಗಲನ್ನೇ ನೋಡುತ್ತಿದ್ದರು. "ನೋವೈತಾ?" ಅಂದರು ಒಮ್ಮೆ. "ನಿಮ್ಮ ಬಳ್ಳಾರಿಯವ್ರಿಗೆ ಫೋನ್ ಮಾಡಿ ಬ್ಯಾರೆ ಗಾಡಿ ನೋಡ್ಕೋರಿ ಅನ್ರಿ" ಅಂದೆ. ನಕ್ಕರು. ಮಡಕಶಿರಾ ಬಂತು, ಗುಡಿಬಂಡೆ ಬಂತು. ಹೆಗಲು ಬೆಚ್ಚಗಾಗಿತ್ತು, ಅಷ್ಟೇ. ಗೆದ್ದೇ ಬಿಟ್ಟೆ ಅಂದುಕೊಂಡು ಆ ರಾತ್ರಿ ಅತ್ತಿಗೆ, ಅಂದರೆ ಮನೆಯವರ ಅಕ್ಕ, ಬಡಿಸಿದ ಮುದ್ದೆ, ಹುರುಳಿಕಾಳಿನ ಸಾರನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡೆ.

ಬೆಳಿಗ್ಗೆ ಅತ್ತಿಗೆ, "ಗಾಡಿ ಬಂದೈತೆ, ರತ್ನಗಿರಿಗೆ ಹೋಗಿ ಬರಾನ. ನಮ್ಮ ನೆಂಟ್ರು ಅಲ್ಲಿ ಹೊಸ ಮನೆ ಕಟ್ಟವ್ರೆ, ನೋಡ್ದಂಗೂ ಆಯ್ತದೆ" ಅಂದರು. ಆಗಲಿ ಎಂದು ನಾನು ಗಾಡಿ ಒರೆಸುವಷ್ಟರಲ್ಲಿ ಹಿಂದಿನ ಸೀಟು ತುಂಬಿತ್ತು. ಅತ್ತಿಗೆ, ಅವರ ಯಜಮಾನರು, ಇಬ್ಬರು ಸೊಸೆಯರು, ತೊಡೆಗೊಂದು ಮಗು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ, "ಅತ್ತಾಗೇ ಹೋಯ್ತೀರಲ್ಲ, ರೊಳ್ಳದಾಗೆ ಇಳಸ್ಬುಡಿ" ಎಂದು ಬಂದರು. ರೊಳ್ಳ ಬಂದರೂ ಅಜ್ಜಿ ಇಳಿಯಲಿಲ್ಲ, ಅವರಿಗೂ ಹೊಸ ಮನೆ ನೋಡುವ ಮನಸ್ಸಾಯಿತಂತೆ. ಡಿಕ್ಕಿಯಲ್ಲಿ ಹೊಸ ಮನೆಯವರಿಗೆಂದು ಒಂದು ಮೂಟೆ ರಾಗಿ, ಹುಣಸೆಹಣ್ಣು, ಚಿತ್ರಾನ್ನದ ಪಾತ್ರೆ. ಗಾಡಿಯ ಹಿಂಭಾಗ ಕುಕ್ಕರುಗಾಲಿನಲ್ಲಿ ಕೂತ ಹಾಗೆ ಇಳಿದಿತ್ತು.

ಮಟ್ಟ ರಸ್ತೆಯಲ್ಲಿ ಹೇಗೋ ಹೋಯಿತು. ರೊಳ್ಳ ದಾಟಿ ಏರು ಶುರುವಾಯಿತು ನೋಡಿ, ಮೂರನೇ ಗೇರಿನಲ್ಲಿ ಎಂಜಿನ್ ಕೆಮ್ಮತೊಡಗಿತು. ಎರಡಕ್ಕೆ ಇಳಿಸಿದೆ. ಎರಡರಲ್ಲಿ ಕಿರುಚಾಟ, ಹೆಜ್ಜೆ ನಡಿಗೆ. ಮೂರಕ್ಕೆ ಹಾಕಿದರೆ ಸಾಯುವ ಹಾಗೆ ಒದ್ದಾಡುತ್ತದೆ. ಮತ್ತೆ ಎರಡು. ಮತ್ತೆ ಮೂರು. ಒಂದೊಂದು ಸಲವೂ ಹೆಗಲೊಳಗೆ ಕಾದ ಕಡ್ಡಿ ಆಡಿಸಿದ ಹಾಗೆ. ಕೊನೆಗೆ ಒಂದು ತಿರುವಿನಲ್ಲಿ ಎಡಗೈ ಕಡ್ಡಿಯ ಮೇಲೇ ಇದೆ, ಆದರೆ ಎಳೆ ಅಂದರೆ ಎಳೆಯುತ್ತಿಲ್ಲ. ಗಾಡಿ ನಿಂತುಹೋಯಿತು. ಬ್ರೇಕ್ ತುಳಿದು ಹಿಡಿದು ಕೂತೆ. ಬೆವರೋ ಕಣ್ಣೀರೋ, ಮುಖವೆಲ್ಲ ಒದ್ದೆ. ಅಪ್ಪನ ಗಾಡಿ ಹೋಯಿತು ಅಂದುಕೊಂಡೆ. ಅಷ್ಟೊಂದು ಸಂಕಟ ನನಗೆ ಅಪ್ಪ ಹೋದ ದಿನ ಬಿಟ್ಟರೆ ಮತ್ತೆಂದೂ ಆಗಿರಲಿಲ್ಲ.

ಮನೆಯವರು ನನ್ನ ಕೈಯನ್ನು ಕಡ್ಡಿಯ ಮೇಲಿಂದ ಮೆಲ್ಲಗೆ ಬಿಡಿಸಿ ನನ್ನ ಮಡಿಲಲ್ಲಿಟ್ಟರು. ತಮ್ಮ ಬಲಗೈಯನ್ನು ಅಲ್ಲಿಟ್ಟರು.

"ನೀನು ಕ್ಲಚ್ ತುಳಿ. ಯಾವ್ದಂತ ಹೇಳು, ನಾನು ಹಾಕ್ತೀನಿ."

"ನಿಮಗ ಬರ್ತೈತೇನ್ರಿ?"

"ಬರಲ್ಲ. ನೀ ಹೇಳು."

"ಒಂದು. ಎಡಕ್ಕ ಒತ್ತಿ ಮುಂದಕ್ಕ" ಅಂದೆ. ಕರಕರ ಎಂದು ಹಲ್ಲು ಕಡಿದ ಸದ್ದಿಗೆ ಹಿಂದಿದ್ದ ಮಗು ಬೆಚ್ಚಿ ಅತ್ತಿತು. "ಕ್ಲಚ್ ತುಳಿಯೋ ಮೊದ್ಲೇ ಹಾಕಿದ್ರಲ್ರೀ!" ಎಂದು ರೇಗಿದೆ. ಎರಡನೇ ಸಲ ಕೂತಿತು. ಗಾಡಿ ಮೇಲೆದ್ದಿತು. "ಎರಡು" ಅಂದೆ, ಎಳೆದರು. "ಮೂರು" ಅಂದೆ, ತಳ್ಳಿದರು. ಕರು ಎಳೆದು ಎಳೆದು ಗಟ್ಟಿಯಾದ ಆ ಕೈಗೆ ಗೇರಿನ ಕಡ್ಡಿ ಏನು ಮಹಾ! ಆಮೇಲೆ ನಾನು ಹೇಳುವ ಮೊದಲೇ ಹಿಂದಿನಿಂದ ಅತ್ತಿಗೆ, "ಹಾಕೋ, ಎಲ್ಡು ಹಾಕೋ, ಕೇಳ್ಸಲ್ವಾ ಅದು ಅಳೋದು!" ಎಂದು ತಮ್ಮನಿಗೆ ಕೂಗತೊಡಗಿದರು. ಏರು ಹತ್ತಿ ರತ್ನಗಿರಿ ತಲುಪುವ ಹೊತ್ತಿಗೆ ಎಲ್ಲರೂ ನಗುತ್ತಿದ್ದೆವು. ಮನೆಯವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೊಸ ಮನೆಯನ್ನು ಅವರು ಸರಿಯಾಗಿ ನೋಡಲೇ ಇಲ್ಲ, ಸಿಕ್ಕಿದವರಿಗೆಲ್ಲ ಗೇರು ಹಾಕಿದ ಕಥೆ ಹೇಳುತ್ತಿದ್ದರು.

ಮರುದಿನ ರಾಯದುರ್ಗಕ್ಕೆ ಮರಳುವಾಗ ನಾವಿಬ್ಬರೇ. ಮೂರನೇ ಗೇರಿನ ಮಟ್ಟ ದಾರಿ. ಆಡಿದ ಮಾತಿಗೆ ತಪ್ಪಿದರೆ ಮುಂದೆ ಇವರ ಹತ್ತಿರ ಜಗಳ ಆಡಲು ನನಗೆ ಬಾಯಿ ಇರುತ್ತದೆಯೆ? ಕಲ್ಯಾಣದುರ್ಗ ದಾಟಿದ ಮೇಲೆ ಹೇಳಿಬಿಟ್ಟೆ. "ಕೈ ಸೋತದ್ದು ಖರೆ. ಬಳ್ಳಾರಿಯವ್ರಿಗೆ ಬರಾಕ ಹೇಳ್ರಿ."

ಅವರು ಊರು ಬಂದ ಮೇಲೆ, "ಮೆಕ್ಯಾನಿಕ್ ತಾವ ತಿರುಗ್ಸು" ಎಂದಷ್ಟೇ ಅಂದರು. ಮಾರುವ ಮೊದಲು ಒಮ್ಮೆ ತೋರಿಸಲು ಇರಬೇಕು ಎಂದು ನಾನು ಸುಮ್ಮನೆ ತಿರುಗಿಸಿದೆ.

ಮೆಕ್ಯಾನಿಕ್ ಕಥೆಯೆಲ್ಲ ಕೇಳಿ ನನ್ನ ಕಡೆ ನೋಡಿ ನಕ್ಕರು. "ನಾನು ಅವತ್ತೇ ಹೇಳಿದ್ದಿಲ್ರಿ? ಗಾಡಿ ಯಾಕ ಮಾರ್ತೀರಿ? ನಾಲ್ಕೂವರೆದು ಇಲ್ಲೇ ಐತಿ, ನಾಳಿ ಹಾಕಿಬಿಡ್ತೀನಿ. ತುಂಬಿದ ಗಾಡಿ ಮೂರನೇ ಗೇರಿನಾಗ ಏರು ಹತ್ತತೈತಿ. ಮಟ್ಟದ ಮ್ಯಾಲ ಮಾತ್ರ ನಾಲ್ಕಕ್ಕ ಹಾಕ್ರಿ, ಅಷ್ಟ."

"ಅದು ಹಾಕಿದ್ರೆ ಏರಿನಾಗೆ ಇವ್ಳಿಗೆ ನನ್ನ ಕೈ ಬೇಕಾಗಲ್ವಾ?" ಎಂದು ಕೇಳಿದರು ನಮ್ಮ ಮನೆಯವರು.

"ಯಾಕ ಬೇಕ್ರಿ? ನೀವು ಆರಾಮ ಕೂಡ್ರಿ."

"ಹಂಗಾದ್ರೆ ಹಾಕ್ಬುಡಿ ಮತ್ತೆ. ಗಾಡಿ ಮಾರೋದು ಬ್ಯಾಡ" ಅಂದರು. ಹೇಳಿದ್ದು ನನಗಾಗಿ ಒಳ್ಳೆಯ ಮಾತು. ಆದರೆ ಅವರ ಮುಖ ಬಾಡಿದ್ದನ್ನು ನಾನು ನೋಡಿದೆ. ಮದುವೆಯಾಗಿ ಇಷ್ಟು ವರ್ಷ ಪಕ್ಕದಲ್ಲಿ ಸಾಮಾನಿನ ಹಾಗೆ ಕೂತು ಬಂದ ಮನುಷ್ಯ, ನಿನ್ನೆ ಒಂದು ದಿನ ನನ್ನ ಜೊತೆ ಗಾಡಿ ಓಡಿಸಿದ್ದರು.

"ಬ್ಯಾಡ್ರಿ" ಅಂದೆ ಮೆಕ್ಯಾನಿಕ್‌ಗೆ. "ಈಗಿರೋದೇ ಇರ್ಲಿ."

"ಅಲ್ರೀ ಟೀಚರ್, ಏರಿನಾಗ ಮತ್ತ ಒದ್ದಾಡ್ತೀರಿ."

"ಒದ್ದಾಡ್ತೀವಿ ಬಿಡ್ರಿ. ಖಾಲಿ ಹೋದಾಗ ನನಗ ಮೂರನೇ ಗೇರು ಸಾಕು. ತುಂಬಿಕೊಂಡು ಹೋದಾಗ ಹಾಕಾಕ ಇವರು ಅದಾರ."

ಮೆಕ್ಯಾನಿಕ್ ಇಬ್ಬರ ಮುಖವನ್ನೂ ನೋಡಿ, ನಾಲ್ಕೂವರೆಯ ಜೋಡಿಯನ್ನು ಮತ್ತೆ ಗೋಣಿಚೀಲದಲ್ಲಿ ಸುತ್ತಿಟ್ಟರು. ನಾನು ಬಂದು ನನ್ನ ಸೀಟಿನಲ್ಲಿ ಕೂತೆ. ಮನೆಯವರು ಆ ಕಡೆಯಿಂದ ಹತ್ತಿ, ನಾನು ಕೀಲಿ ತಿರುಗಿಸುವ ಮೊದಲೇ ಗೇರಿನ ಮೇಲೆ ಕೈಯಿಟ್ಟರು. ಅಲ್ಲಿಂದ ನಮ್ಮ ಮನೆಗೆ ಎರಡೇ ಬೀದಿ, ಅದೂ ಮಟ್ಟ ರಸ್ತೆ, ಗಾಡಿಯಲ್ಲಿ ನಾವಿಬ್ಬರೇ.

"ಒಂದು" ಅಂದೆ.